ಎಷ್ಟರಲ್ಲಿ ಎಷ್ಟು? ಹಳೇ ಲೆಕ್ಕ ಇಟ್ಟುಕೊಂಡು ಈ ವರ್ಷದ ಅಡಿಕೆ ಅಂದಾಜು ಮಾಡುವ ಕ್ರಮ

ಮಳೆಗಾಲ ಅರ್ಧ ಕಳೆಯುತ್ತಿದ್ದಂತೆ ಒಂದೇ ಪ್ರಶ್ನೆ ನಾಲ್ಕಾರು ಕಡೆಯಿಂದ ಬರುತ್ತದೆ. "ಈ ಸಲ ನಮ್ಮ ತೋಟದಲ್ಲಿ ಎಷ್ಟು ಕ್ವಿಂಟಾಲ್ ಆಗಬಹುದು?" ತೀರ್ಥಹಳ್ಳಿ ಕಡೆಯವರು ಕೇಳುತ್ತಾರೆ, ಸಾಗರ, ಹೊಸನಗರದವರು ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆ ಇರುತ್ತವೆ: ಚೇಣಿಗೆ ಕೊಟ್ಟುಬಿಡೋದಾ ಅಥವಾ ನಾವೇ ಕೊಯ್ದು ಬೇಯಿಸೋದಾ, ಮತ್ತೆ ಕೊಳೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಬರುವ ಸಂಭವ ಎಷ್ಟು. (ಚೇಣಿ ಅಂದರೆ ಮರದ ಮೇಲಿನ ಫಸಲನ್ನು ಮೊದಲೇ ಮಾತಾಡಿ ಬೇರೆಯವರಿಗೆ ಬಿಟ್ಟುಕೊಡುವುದು. ಕೆಲವು ಕಡೆ ಖೇಣಿ ಅಂತಲೂ ಹೇಳುತ್ತಾರೆ.)

ಈ ಮೂರಕ್ಕೂ ಉತ್ತರ ನಿಮ್ಮ ಮನೆಯಲ್ಲೇ ಇದೆ. ಹಳೇ ಚೀಟಿಗಳಲ್ಲಿ, ಡೈರಿಯಲ್ಲಿ, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿದ ಅಂಕಿಗಳಲ್ಲಿ ಇದೆ. ಚೇಣಿ ಮಾಡುವವರು ಹತ್ತಾರು ತೋಟ ನೋಡಿರುತ್ತಾರೆ, ಅವರ ತಲೆಯಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಕೂತಿರುತ್ತದೆ. ನಮ್ಮ ಹತ್ತಿರ ಸುಮ್ನೆ ಒಂದು ಊಹೆ ಮಾತ್ರ ಇದ್ದರೆ ಮಾತುಕತೆಯಲ್ಲಿ ನಾವೇ ಸೋಲುತ್ತೇವೆ. ಅದಕ್ಕೇ ಈ ಲೆಕ್ಕವನ್ನು ಪ್ರತಿ ಬೆಳೆಗಾರರೂ ಕಲಿಯಲೇಬೇಕು ಎಂದು ನಾನು ನಂಬಿದ್ದೇನೆ. ಕಷ್ಟವಿಲ್ಲ. ಏಳನೇ ತರಗತಿಯ ಗಣಿತ ಸಾಕು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಏನೇನು ಬೇಕು

ಒಂದು ದಪ್ಪ ನೋಟ್‌ಬುಕ್. ಮಂಡಿಯಲ್ಲೋ ಸೊಸೈಟಿಯಲ್ಲೋ ಅಡಿಕೆ ಬಿಟ್ಟಾಗ ಕೊಟ್ಟ ಹಳೇ ಬಿಲ್ಲುಗಳು. ಹಸಿ ಅಡಿಕೆ ತೂಗಲು ಒಂದು ತಕ್ಕಡಿ, ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತಂದರೂ ಆಯಿತು. ಮಳೆ ಮಾಪಕ ಇದ್ದರೆ ತುಂಬಾ ಒಳ್ಳೆಯದು. ಮಲೆನಾಡಿನ ಎಷ್ಟೋ ಹಳೇ ಮನೆಗಳಲ್ಲಿ ಮಳೆ ಬರೆದಿಡುವ ಅಭ್ಯಾಸ ಇದೆ. ನಿಮ್ಮ ಅಜ್ಜನ ಕಾಲದ ಮಳೆ ಪುಸ್ತಕ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಗೆದ್ದಲಿಗೆ ಬಿಡಬೇಡಿ, ಇವತ್ತೇ ಇಳಿಸಿ.

1. ಅನುಪಾತ ಅಂದರೆ ಏನು ಅಂತ ಮೊದಲು ಸರಿಯಾಗಿ ಹಿಡಿಯಿರಿ

ಅನುಪಾತ ಅಂದರೆ "ಎಷ್ಟರಲ್ಲಿ ಎಷ್ಟು". ಕೊಳೆಗೆ ಹೊಡೆಯುವ ಔಷಧಿ, ಅಂದರೆ ಬೋರ್ಡೋ ದ್ರಾವಣ ಮಾಡುವಾಗ ನೀವು ಇದನ್ನೇ ಮಾಡುತ್ತೀರಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. 200 ಲೀಟರಿನ ಡ್ರಮ್ ಆದರೆ ಎರಡೆರಡು ಕೆ.ಜಿ. ಯಾರೂ ಹೇಳಿಕೊಡಬೇಕಾಗಿಲ್ಲ, ಕೈಗೇ ಗೊತ್ತು.

ಆದರೆ ಒಂದು ವ್ಯತ್ಯಾಸ ಇದೆ. ಬೋರ್ಡೋದಲ್ಲಿ ಅನುಪಾತವನ್ನು ನಾವು ನಿಗದಿ ಮಾಡುತ್ತೇವೆ. ಫಸಲಿನಲ್ಲಿ ಅದನ್ನು ನಾವು ಕಂಡುಕೊಳ್ಳಬೇಕು, ಮತ್ತು ಅದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಮುಂದೆ ಹೇಳುವ ಎಲ್ಲಾ ಎಚ್ಚರಿಕೆಗಳೂ ಈ ಅಲ್ಲಾಟದ ಬಗ್ಗೆಯೇ.

ನಮಗೆ ಬೇಕಾದ ಅನುಪಾತ ಎರಡು ಥರ. ಒಂದು ತೂಕದ್ದು: ಇಷ್ಟು ಹಸಿ ಅಡಿಕೆಗೆ ಇಷ್ಟು ಒಣ ಅಡಿಕೆ. ಇನ್ನೊಂದು ಎಣಿಕೆಯದ್ದು: ಇಷ್ಟು ವರ್ಷಗಳಲ್ಲಿ ಇಷ್ಟು ವರ್ಷ ಕೊಳೆ ಬಂತು, ಇಷ್ಟು ಮರಗಳಲ್ಲಿ ಇಷ್ಟು ಮರಕ್ಕೆ ಕೊನೆ (ಅಡಿಕೆ ಗೊಂಚಲು) ಇದೆ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ.

2. ಯಾವಾಗಲೂ ಎರಡು ಅಂಕಿ ಬರೆಯಿರಿ

ಜಾಸ್ತಿ ಜನ ತಪ್ಪುವುದು ಇಲ್ಲೇ. "ಹೋದ ವರ್ಷ 8 ಕ್ವಿಂಟಾಲ್ ರಾಶಿ ಆಯ್ತು" ಅಂತ ಬರೆದಿರುತ್ತಾರೆ (ರಾಶಿ ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ಬಗೆ). ಎಷ್ಟು ಹಸಿಯಿಂದ ಆಯಿತು? ಗೊತ್ತಿಲ್ಲ. ಎಷ್ಟು ಮರದಿಂದ? ಅದೂ ಗೊತ್ತಿಲ್ಲ. ನಾನೂ ನಾಲ್ಕು ವರ್ಷ ಹೀಗೆ ಬರೀ ಒಣ ಅಡಿಕೆಯ ತೂಕ ಬರೆದಿಟ್ಟೆ, ಆ ನಾಲ್ಕು ವರ್ಷದ ಬರಹದಿಂದ ಒಂದೂ ಅನುಪಾತ ತೆಗೆಯಲಾಗಲಿಲ್ಲ. ಮೇಲಿನ ಅಂಕಿ (ಎಷ್ಟು ಸಿಕ್ಕಿತು) ಎಷ್ಟು ಮುಖ್ಯವೋ ಕೆಳಗಿನ ಅಂಕಿಯೂ (ಎಷ್ಟರಲ್ಲಿ ಸಿಕ್ಕಿತು) ಅಷ್ಟೇ ಮುಖ್ಯ.

ಪುಟಕ್ಕೆ ಇಷ್ಟು ಕಾಲಂ ಹಾಕಿಕೊಳ್ಳಿ: ವರ್ಷ, ಕೊಯ್ಲು ಎಷ್ಟನೆಯದು, ಬೇಯಿಸಲು ತೆಗೆದುಕೊಂಡ ಹಸಿ ಅಡಿಕೆ, ಒಣಗಿದ ಮೇಲೆ ಸಿಕ್ಕಿದ್ದು, ಯಾವ ಬಗೆ. ಹಸಿ ಅಡಿಕೆ ಅಂದರೆ ಇಲ್ಲಿ ಸಿಪ್ಪೆ ಸಮೇತ, ಕೊನೆಯಿಂದ ಬಿಡಿಸಿದ ಕಾಯಿ. ಒಂದು ವರ್ಷ ಕೊನೆ ಸಮೇತ ತೂಗಿ, ಇನ್ನೊಂದು ವರ್ಷ ಬಿಡಿಸಿ ತೂಗಿದರೆ ಎರಡನ್ನೂ ಕೂಡಿಸುವ ಹಾಗಿಲ್ಲ.

ಕೆಂಪಡಿಕೆ ಮತ್ತು ಹಣ್ಣಡಿಕೆ ಲೆಕ್ಕ ಬೆರೆಸಬೇಡಿ. ಹಸಿರು ಕಾಯಿ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ ಒಣಗಿಸಿದ್ದು ಒಂದು ಲೆಕ್ಕ, ಹಣ್ಣಾದ ಮೇಲೆ ಸಿಪ್ಪೆ ಸಮೇತ ಒಣಗಿಸುವ ಸಿಪ್ಪೆಗೋಟು ಬೇರೆಯೇ ಲೆಕ್ಕ. ಕೆಂಪಡಿಕೆಯಲ್ಲೂ ಎಳೆ ಕಾಯಿ ಒಣಗಿದರೆ ತೂಕ ಜಾಸ್ತಿ ಇಳಿಯುತ್ತದೆ, ಬಲಿತದ್ದು ಕಡಿಮೆ ಇಳಿಯುತ್ತದೆ. ಹಾಗಾಗಿ ಸರಕು, ಬೆಟ್ಟೆಯಂಥ ಎಳೆ ಕಾಯಿಯ ಬಗೆ ಜಾಸ್ತಿ ಮಾಡುವ ಮನೆಯ ಅನುಪಾತ ಬಲಿತ ಕಾಯಿಯ ರಾಶಿ ಮಾಡುವ ಮನೆಗೆ ಹೊಂದುವುದಿಲ್ಲ. ಮೊದಲ ಕೊಯ್ಲಿನದ್ದು ಕೊನೇ ಕೊಯ್ಲಿಗೆ ಹೊಂದುವುದಿಲ್ಲ.

ಮನೆ ಖರ್ಚಿಗೆ ಇಟ್ಟುಕೊಂಡದ್ದು, ನೆಂಟರಿಗೆ ಕೊಟ್ಟದ್ದು, ಕೆಲಸದವರಿಗೆ ಕೊಟ್ಟದ್ದು, ಧಾರಣೆ ಬರಲಿ ಅಂತ ಅಟ್ಟದಲ್ಲಿ ಇಟ್ಟದ್ದು, ಇವು ಮಂಡಿ ಬಿಲ್ಲಿನಲ್ಲಿ ಇರುವುದಿಲ್ಲ. ಬರೀ ಬಿಲ್ಲು ನೋಡಿ ಲೆಕ್ಕ ಹಾಕಿದರೆ ಅನುಪಾತ ಸುಳ್ಳೇ ಕಡಿಮೆ ಬರುತ್ತದೆ.

3. ಹಸಿಯಿಂದ ಒಣಗಿದ್ದು: ತ್ರೈರಾಶಿಕ

ಇದು ತುಂಬಾ ಹಳೇ ವಿಧಾನ. 5ನೇ ಶತಮಾನದ ಕೊನೆಯಲ್ಲಿ ಆರ್ಯಭಟ ಹೇಳಿದ ಸೂತ್ರವನ್ನೇ ನಮ್ಮ ಅಜ್ಜಂದಿರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದರು. ಮೂರು ಅಂಕಿ ಗೊತ್ತಿದ್ದರೆ ನಾಲ್ಕನೆಯದು ಸಿಗುತ್ತದೆ. ಗೊತ್ತಿರುವ ಅಳತೆಗೆ ಪ್ರಮಾಣ ಅಂತ ಹೆಸರು, ಅದರಿಂದ ಬಂದದ್ದಕ್ಕೆ ಫಲ, ಈಗ ನಮ್ಮ ಕೈಯಲ್ಲಿರುವ ಅಳತೆಗೆ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ, ಪ್ರಮಾಣದಿಂದ ಭಾಗಿಸಿ. ಅಷ್ಟೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮವು ಬೇರೆ ಇರುತ್ತವೆ. ಮೂರು ವರ್ಷ ಮನೆಯಲ್ಲಿ ಬೇಯಿಸಿದ್ದೀರಿ, ಉಳಿದದ್ದು ಹಸಿಯಾಗಿಯೇ ಹೋಗಿದೆ.

ಮೊದಲ ವರ್ಷ 40 ಕ್ವಿಂಟಾಲ್ ಹಸಿ, 5.2 ಕ್ವಿಂಟಾಲ್ ಒಣ. ಅಂದರೆ ಶೇ. 13.
ಎರಡನೇ ವರ್ಷ 55 ಕ್ವಿಂಟಾಲ್ ಹಸಿ, 6.6 ಕ್ವಿಂಟಾಲ್ ಒಣ. ಶೇ. 12.
ಮೂರನೇ ವರ್ಷ ಬರೀ 10 ಕ್ವಿಂಟಾಲ್ ಹಸಿ, 1.5 ಕ್ವಿಂಟಾಲ್ ಒಣ. ಶೇ. 15.

ಈಗ ಸರಾಸರಿ ಎಷ್ಟು? 13, 12, 15 ಕೂಡಿಸಿ ಮೂರರಿಂದ ಭಾಗಿಸಿದರೆ 13.33 ಬರುತ್ತದೆ. ಹೀಗೆ ಮಾಡಬೇಡಿ. ಬರೀ 10 ಕ್ವಿಂಟಾಲ್ ಬೇಯಿಸಿದ ವರ್ಷಕ್ಕೆ 55 ಕ್ವಿಂಟಾಲ್ ಬೇಯಿಸಿದ ವರ್ಷದಷ್ಟೇ ಬೆಲೆ ಕೊಟ್ಟಂತಾಗುತ್ತದೆ. ಮೊದಲು ಹಸಿಯನ್ನೆಲ್ಲ ಕೂಡಿಸಿ: 105. ಒಣಗಿದ್ದನ್ನೆಲ್ಲ ಕೂಡಿಸಿ: 13.3. ಆಮೇಲೆ ಭಾಗಿಸಿ. ಶೇ. 12.67 ಬರುತ್ತದೆ.

ವ್ಯತ್ಯಾಸ ಚಿಕ್ಕದು ಅನ್ನಿಸುತ್ತದೆ ಅಲ್ವಾ? 60 ಕ್ವಿಂಟಾಲ್ ಹಸಿ ಅಡಿಕೆಗೆ ಹಾಕಿ ನೋಡಿ. ತಪ್ಪು ಲೆಕ್ಕದಲ್ಲಿ 8 ಕ್ವಿಂಟಾಲ್, ಸರಿ ಲೆಕ್ಕದಲ್ಲಿ 7.6. ನಡುವೆ 40 ಕೆ.ಜಿ. ಧಾರಣೆ ಕ್ವಿಂಟಾಲಿಗೆ 50 ಸಾವಿರ ಅಂತ ಇಟ್ಟುಕೊಂಡರೆ 20 ಸಾವಿರ ರೂಪಾಯಿ.

ನಮ್ಮ ಕಡೆ ಕ್ವಿಂಟಾಲ್ ಹಸಿಗೆ 12ರಿಂದ 14 ಕೆ.ಜಿ. ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಚೇಣಿ ಮಾತುಕತೆಯೂ ಎಷ್ಟೋ ಸಲ "ಕ್ವಿಂಟಾಲ್ ಹಸಿಗೆ ಇಷ್ಟು ಕೆ.ಜಿ. ಒಣ ಅಡಿಕೆ" ಅಂತಲೇ ಆಗುತ್ತದೆ. ಊರಿನ ಮಾತನ್ನು ನಿಮ್ಮ ಅಂಕಿ ಸರಿ ಇದೆಯಾ ಅಂತ ಹೋಲಿಸಿ ನೋಡಲು ಬಳಸಿ, ನಿಮ್ಮ ಅಂಕಿಯ ಬದಲಿಗೆ ಬಳಸಬೇಡಿ. ನಿಮಗೆ ಶೇ. 18 ಬಂದರೆ ಎಲ್ಲೋ ತೂಕ ತಪ್ಪಿದೆ, ಅಥವಾ ಅಡಿಕೆ ಇನ್ನೂ ಸರಿಯಾಗಿ ಒಣಗಿಲ್ಲ.

4. ಮರದ ಮೇಲೆ ಎಷ್ಟಿದೆ: ಕೆಲವು ಮರ ನೋಡಿ ಪೂರ್ತಿ ತೋಟ ಅಂದಾಜು ಮಾಡುವುದು

9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ ಬರುತ್ತವೆ. ಎಲ್ಲವನ್ನೂ ತಲೆಯೆತ್ತಿ ಎಣಿಸುವುದು ಆಗದ ಮಾತು. ಕೆಲವನ್ನು ಎಣಿಸಿ ಉಳಿದದ್ದನ್ನು ಅನುಪಾತದಿಂದ ತೆಗೆಯಬೇಕು. ಹೀಗೆ ಆರಿಸಿದ ಕೆಲವಕ್ಕೆ ಮಾದರಿ ಅಂತ ಹೆಸರು.

ಮಾದರಿಯನ್ನು ನಿಮ್ಮ ಕಣ್ಣು ಆರಿಸಬಾರದು. ಇದನ್ನು ಒತ್ತಿ ಹೇಳುತ್ತೇನೆ. ತೋಟಕ್ಕೆ ಇಳಿದ ತಕ್ಷಣ ಕಣ್ಣು ತುಂಬಿದ ಕೊನೆಯ ಕಡೆಗೇ ಹೋಗುತ್ತದೆ, ಅದು ಸಹಜ. ಇಲ್ಲದಿದ್ದರೆ ಮನೆ ಹತ್ತಿರದ, ಗೊಬ್ಬರ ಚೆನ್ನಾಗಿ ಬಿದ್ದ ಮರಗಳನ್ನೇ ಎಣಿಸಿ ವಾಪಸ್ ಬರುತ್ತೇವೆ. ಅದಕ್ಕೆ ಮೊದಲೇ ನಿಯಮ ಮಾಡಿಕೊಳ್ಳಿ: ಮೇಲಿನ ಸಾಲಿನಿಂದ ಶುರು ಮಾಡಿ, ಹಾವು ಹರಿದ ಹಾಗೆ ಸಾಲಿನಿಂದ ಸಾಲಿಗೆ ತಿರುಗುತ್ತಾ, ಪ್ರತಿ 20ನೇ ಮರ. ಆ ಮರ ಸೊರಗಿದ್ದರೂ ಅದೇ, ಕೊನೆಯೇ ಇಲ್ಲದಿದ್ದರೂ ಅದೇ, ಹಳ್ಳದ ಪಕ್ಕದ ಕೆಸರಿನಲ್ಲಿದ್ದರೂ ಅದೇ. ಕೊನೆ ಇಲ್ಲದ ಮರಕ್ಕೆ ಸೊನ್ನೆ ಬರೆಯಿರಿ. ಬಿಟ್ಟು ಮುಂದೆ ಹೋಗಬೇಡಿ.

1,000 ಮರದ ತೋಟದಲ್ಲಿ ಹೀಗೆ 50 ಮರ ಸಿಗುತ್ತವೆ. ಅವುಗಳಲ್ಲಿ ಒಟ್ಟು 110 ಕೊನೆ ಇವೆ ಅಂತ ಇಟ್ಟುಕೊಳ್ಳಿ. ಮರಕ್ಕೆ 2.2 ಕೊನೆ, ತೋಟಕ್ಕೆ 2,200 ಕೊನೆ. ಹೋದ ಕೊಯ್ಲಿನಲ್ಲಿ 20 ಕೊನೆ ಬಿಡಿಸಿ ತೂಗಿದಾಗ 70 ಕೆ.ಜಿ. ಕಾಯಿ ಬಂದಿತ್ತು, ಅಂದರೆ ಕೊನೆಗೆ 3.5 ಕೆ.ಜಿ. ಹಾಗಾದರೆ 2,200 ಕೊನೆಗೆ 7,700 ಕೆ.ಜಿ., 77 ಕ್ವಿಂಟಾಲ್ ಹಸಿ ಅಡಿಕೆ.

ಆ 20 ಕೊನೆಯನ್ನೂ ಒಂದೇ ಬುಟ್ಟಿಯಿಂದ ತೆಗೆಯಬೇಡಿ. ಮೊದಲ ಕೊಯ್ಲಿನಿಂದ ಸ್ವಲ್ಪ, ನಡುವಿನಿಂದ ಸ್ವಲ್ಪ, ಕೊನೇ ಕೊಯ್ಲಿನಿಂದ ಸ್ವಲ್ಪ ತೂಗಿ.

ತೋಟದಲ್ಲಿ ಎರಡು ವಯಸ್ಸಿನ ಮರ ಇದ್ದರೆ (ಹಳೇ ತೋಟದ ಪಕ್ಕ ಗದ್ದೆಗೆ ಹಾಕಿದ ಹೊಸ ತೋಟ ಇರುವುದು ಈಗ ಮಾಮೂಲು) ಎರಡಕ್ಕೂ ಬೇರೆ ಬೇರೆ ಎಣಿಕೆ ಮಾಡಿ, ಕೊನೆಗೆ ಕೂಡಿಸಿ.

5. ಕಂಡದ್ದೆಲ್ಲ ಕೈಗೆ ಸಿಗುವುದಿಲ್ಲ

ಆಗಸ್ಟಿನಲ್ಲಿ ಮರದ ಮೇಲೆ ಕಂಡ 77 ಕ್ವಿಂಟಾಲ್ ಡಿಸೆಂಬರಿನಲ್ಲಿ ಅಂಗಳಕ್ಕೆ ಬರುವುದಿಲ್ಲ. ಕೊಳೆಗೆ ಸ್ವಲ್ಪ, ಉದುರಿಗೆ ಸ್ವಲ್ಪ, ಮಂಗನಿಗೆ ಸ್ವಲ್ಪ. ಇದಕ್ಕೂ ಹಳೇ ಅನುಪಾತವೇ ದಾರಿ. ಪ್ರತಿ ವರ್ಷ ಆಗಸ್ಟಿನ ಅಂದಾಜು ಬರೆದಿಟ್ಟು, ಕೊಯ್ಲು ಮುಗಿದ ಮೇಲೆ ನಿಜವಾಗಿ ಸಿಕ್ಕ ಹಸಿ ಅಡಿಕೆಯನ್ನು ಪಕ್ಕದಲ್ಲಿ ಬರೆಯಿರಿ.

ಒಂದು ವರ್ಷ 70 ಅಂದಾಜು ಮಾಡಿ 63 ಸಿಕ್ಕಿತು, ಇನ್ನೊಂದು ವರ್ಷ 80 ಅಂದಾಜು ಮಾಡಿ 68 ಸಿಕ್ಕಿತು ಅಂತಿಟ್ಟುಕೊಳ್ಳಿ. ಒಟ್ಟು 150ರಲ್ಲಿ 131, ಶೇ. 87ರ ಹತ್ತಿರ. ಈ ವರ್ಷದ 77ಕ್ಕೆ ಅದನ್ನು ಹಾಕಿದರೆ ಸುಮಾರು 67 ಕ್ವಿಂಟಾಲ್. ಈಗ ಮೂರನೇ ಹಂತದ ತ್ರೈರಾಶಿಕ: ಪ್ರಮಾಣ 105, ಫಲ 13.3, ಇಚ್ಛೆ 67. ಉತ್ತರ 8.5 ಕ್ವಿಂಟಾಲ್ ಒಣ ಅಡಿಕೆ.

ಮೊದಲ ವರ್ಷ ನಿಮ್ಮ ಹತ್ತಿರ ಈ ಅಂಕಿ ಇರುವುದಿಲ್ಲ. ಆಗ ಎಣಿಕೆಯನ್ನು ಕೊಯ್ಲಿಗೆ ಹತ್ತಿರ, ಮಳೆ ಇಳಿದ ಮೇಲೆ ಇನ್ನೊಮ್ಮೆ ಮಾಡಿ. ಅಷ್ಟರಲ್ಲಿ ಹೋಗುವುದು ಹೆಚ್ಚುಕಡಿಮೆ ಹೋಗಿರುತ್ತದೆ.

6. ಕೊಳೆ ಬರುತ್ತದಾ? ವರ್ಷಗಳನ್ನು ಎಣಿಸುವಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಮೋಸ ಹೋಗಲು ಇಲ್ಲಿ ದಾರಿ ಜಾಸ್ತಿ.

ಮೊದಲು "ಕೊಳೆ ಬಂತು" ಅಂದರೆ ಏನು ಅಂತ ನೀವೇ ಒಂದು ಗೆರೆ ಎಳೆಯಿರಿ. ನಾಲ್ಕು ಕಾಯಿ ಉದುರಿದರೂ ಕೊಳೆಯೇ. ಆದರೆ ಲೆಕ್ಕಕ್ಕೆ "ಹತ್ತರಲ್ಲಿ ಒಂದು ಕೊನೆಗಿಂತ ಜಾಸ್ತಿ ಹಾಳಾದರೆ ಮಾತ್ರ ಕೊಳೆ ವರ್ಷ" ಎನ್ನುವಂಥ ಗೆರೆ ಬೇಕು, ಮತ್ತು ವರ್ಷಗಳನ್ನು ಎಣಿಸುವ ಮೊದಲೇ ಬೇಕು. ಎಣಿಸಿದ ಮೇಲೆ ಗೆರೆ ಎಳೆದರೆ ನಮಗೆ ಬೇಕಾದ ಉತ್ತರದ ಕಡೆಗೆ ಎಳೆಯುತ್ತೇವೆ.

ಎರಡನೆಯದು ನೆನಪು. ಕೊಳೆ ಬಂದು ತೋಟ ಬರಿದಾದ ವರ್ಷ ಮನಸ್ಸಿನಲ್ಲಿ ಅಚ್ಚೊತ್ತಿರುತ್ತದೆ. ಏನೂ ಆಗದ ವರ್ಷಗಳು ನೆನಪಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ನೆನಪಿನಿಂದ ಎಣಿಸಿದರೆ ಕೆಟ್ಟ ವರ್ಷಗಳ ಪಾಲು ಯಾವಾಗಲೂ ಜಾಸ್ತಿ ಬರುತ್ತದೆ. ಬರಹ ಇಲ್ಲದಿದ್ದರೆ ಮನೆಯ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಮದುವೆ, ಗೃಹಪ್ರವೇಶ, ಮಕ್ಕಳ ಶಾಲೆ ಅಂತ ಗುರುತಿನ ವರ್ಷ ಹಿಡಿದು ಒಂದೊಂದಾಗಿ ಹಿಂದೆ ಹೋಗಿ. ಯಾವ ವರ್ಷವನ್ನೂ ಹಾರಬೇಡಿ.

ಈಗ 12 ವರ್ಷದ ಪಟ್ಟಿ ಇದೆ, ಅದರಲ್ಲಿ 6 ವರ್ಷ ಕೊಳೆ ಬಂದಿದೆ ಅಂತಿಟ್ಟುಕೊಳ್ಳಿ. ಅರ್ಧಕ್ಕರ್ಧ. ಈ ಅಂಕಿಯಿಂದ ಏನೂ ಮಾಡಲಾಗದು. ಇದನ್ನು ಗುಂಪು ಮಾಡಿದಾಗ ಮಾತ್ರ ಉಪಯೋಗ. ಎರಡನೇ ಸಲದ ಔಷಧಿ (ಮೊದಲ ಸಲ ಹೊಡೆದ ಮೇಲೆ 40-45 ದಿನಕ್ಕೆ ಹೊಡೆಯುವುದು) ಹೊತ್ತಿಗೆ ಸರಿಯಾಗಿ ಆದ 6 ವರ್ಷಗಳಲ್ಲಿ 1 ವರ್ಷ ಕೊಳೆ, ತಡವಾದ 6 ವರ್ಷಗಳಲ್ಲಿ 5 ವರ್ಷ ಕೊಳೆ. ಈಗ ಅಂಕಿ ಮಾತಾಡುತ್ತದೆ. ಈ ವರ್ಷ ಔಷಧಿ ತಡವಾಗಿದ್ದರೆ ನೋಡಬೇಕಾದ್ದು 12ರಲ್ಲಿ 6 ಅಲ್ಲ, 6ರಲ್ಲಿ 5.

ಆದರೆ ತಕ್ಷಣ "ಔಷಧಿ ತಡವಾದ್ದರಿಂದಲೇ ಕೊಳೆ ಬಂತು" ಅನ್ನಬೇಡಿ. ಔಷಧಿ ಯಾಕೆ ತಡವಾಯಿತು? ಮಳೆ ಬಿಡುವು ಕೊಡಲಿಲ್ಲ, ಮರ ಹತ್ತಲಾಗಲಿಲ್ಲ. ಅದೇ ಬಿಡದ ಮಳೆಯೇ ಕೊಳೆಯನ್ನೂ ತರುತ್ತದೆ. ಮಳೆ ಒಂದೇ ಕೈಯಿಂದ ಎರಡನ್ನೂ ಮಾಡಿರಬಹುದು. ಔಷಧಿಯ ಪಾಲು ಎಷ್ಟು ಅಂತ ತಿಳಿಯಲು ಒಂದೇ ವರ್ಷ, ಒಂದೇ ಮಳೆಯಲ್ಲಿ, ಔಷಧಿ ಹೊಡೆದ ಮರ ಮತ್ತು ಹೊಡೆಯದ ಮರ ಹೋಲಿಸಬೇಕು. ಕೊಟ್ಟೆ (ಮಳೆ ತಾಗದಂತೆ ಕೊನೆಗೆ ಹಾಕುವ ಹೊದಿಕೆ) ಕಟ್ಟಿದ ಕೊನೆ ಮತ್ತು ಕಟ್ಟದ ಕೊನೆಯೂ ಹಾಗೆಯೇ. ಪಕ್ಕಪಕ್ಕದ ಸಾಲುಗಳಲ್ಲಿ ಇದನ್ನು ಮಾಡಿದರೆ ಒಂದೇ ಮಳೆಗಾಲದಲ್ಲಿ ಹತ್ತು ವರ್ಷದ ಪಟ್ಟಿಗಿಂತ ಚೆನ್ನಾದ ಉತ್ತರ ಸಿಗುತ್ತದೆ. ಔಷಧಿಯನ್ನಂತೂ ಲೆಕ್ಕ ನೋಡಿಕೊಂಡು ಬಿಡಬೇಡಿ.

ಇನ್ನೊಂದು ಮಾತು ಆಗಾಗ ಕೇಳುತ್ತೇನೆ: "ಎರಡು ವರ್ಷ ಸತತ ಕೊಳೆ ಬಂತು, ಈ ವರ್ಷ ಬರಲ್ಲ." ಹೋದ ವರ್ಷ ಬಂತು ಎಂಬ ಕಾರಣಕ್ಕೆ ಈ ವರ್ಷ ಕೊಳೆ ದೂರ ಇರುವುದಿಲ್ಲ. ರೋಗದ ಬೀಜಾಣು ತೋಟದಲ್ಲೇ ಉಳಿದಿದ್ದರೆ ಅಪಾಯ ಜಾಸ್ತಿಯೇ ಆಗಬಹುದು.

7. ಸೊನ್ನೆ ಬಂದರೆ, ಪೂರ್ತಿ ಬಂದರೆ

8 ವರ್ಷದ ಲೆಕ್ಕದಲ್ಲಿ ಒಂದೂ ಕೊಳೆ ವರ್ಷ ಇಲ್ಲ. ಹಾಗಾದರೆ ಸಂಭವ ಸೊನ್ನೆಯಾ? ಅಲ್ಲ. 8 ವರ್ಷ ಕಡಿಮೆ. 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಇದಕ್ಕೆ ಒಂದು ಸುಲಭ ಉಪಾಯ ಕೊಟ್ಟಿದ್ದಾನೆ. ಮೇಲಿನ ಅಂಕಿಗೆ 1 ಸೇರಿಸಿ, ಕೆಳಗಿನ ಅಂಕಿಗೆ 2 ಸೇರಿಸಿ. 8ರಲ್ಲಿ 0 ಎಂಬುದು 10ರಲ್ಲಿ 1 ಆಗುತ್ತದೆ, ಶೇ. 10. ಮೇಲಿನ ಉದಾಹರಣೆಯ 6ರಲ್ಲಿ 5 ಎಂಬುದು 8ರಲ್ಲಿ 6, ಶೇ. 75. 6ರಲ್ಲಿ 1 ಎಂಬುದು 8ರಲ್ಲಿ 2, ಶೇ. 25. ವರ್ಷಗಳು ಕಡಿಮೆ ಇದ್ದಾಗ ಅನುಪಾತ ಎರಡು ತುದಿಗೆ ಹೋಗಿ ಕೂರದಂತೆ ಇದು ತಡೆಯುತ್ತದೆ. ವರ್ಷಗಳು ಜಾಸ್ತಿ ಆದ ಹಾಗೆ ಈ ಸೇರಿಸಿದ್ದರ ಪ್ರಭಾವ ತಾನಾಗಿ ಕರಗುತ್ತದೆ.

ಎಷ್ಟು ನಂಬಬಹುದು ಎನ್ನುವುದಕ್ಕೂ ಒಂದು ಒರಟು ಅಳತೆ ಇದೆ. 1ನ್ನು ಎಣಿಕೆಯ ವರ್ಗಮೂಲದಿಂದ ಭಾಗಿಸಿ. ವರ್ಗಮೂಲ ಅಂದರೆ ಯಾವ ಅಂಕಿಯನ್ನು ಅದರಿಂದಲೇ ಗುಣಿಸಿದರೆ ಇದು ಬರುತ್ತದೋ ಅದು. 25 ಮರ ನೋಡಿದರೆ ವರ್ಗಮೂಲ 5, ಅಂದರೆ ಶೇ. 20 ಆ ಕಡೆ ಈ ಕಡೆ. 100 ಮರ ನೋಡಿದರೆ ಶೇ. 10. ಗಮನಿಸಿ, ತಪ್ಪು ಅರ್ಧ ಆಗಬೇಕಾದರೆ ಎಣಿಕೆ ನಾಲ್ಕು ಪಟ್ಟು ಆಗಬೇಕು. ಇದು ಹೌದು-ಇಲ್ಲ ಎನ್ನುವ ಎಣಿಕೆಗೆ ಮಾತ್ರ, ತೂಕಕ್ಕೆ ಅಲ್ಲ. 12 ವರ್ಷಕ್ಕೆ ಹಾಕಿದರೆ ಶೇ. 29 ಬರುತ್ತದೆ. ಅಂದರೆ 12 ವರ್ಷದ ಲೆಕ್ಕ ದಿಕ್ಕು ತೋರಿಸುತ್ತದೆ, ಅದಕ್ಕಿಂತ ಜಾಸ್ತಿ ಕೇಳಬೇಡಿ.

8. ಅಡಿಕೆ ಒಣಗಿಸಲು ಐದು ದಿನ ಬಿಸಿಲು ಸಿಗುತ್ತದಾ?

ಬೇಯಿಸಿದ ಅಡಿಕೆ ಹರವಿದ ಮೇಲೆ ನವೆಂಬರಿನಲ್ಲಿ ಮೋಡ ಮುಚ್ಚಿಕೊಂಡರೆ ಆಗುವ ಸಂಕಟ ಹೇಳತೀರದು. ಮಳೆ ಪುಸ್ತಕ ಇದ್ದವರಿಗೆ ಇಲ್ಲಿ ದೊಡ್ಡ ಅನುಕೂಲ.

ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಮಾತ್ರ ಮಳೆ ದಿನ ಅಂತ ಎಣಿಸುತ್ತದೆ. ಅಡಿಕೆ ಒಣಗಿಸುವವರಿಗೆ ತುಂತುರೂ ತೊಂದರೆಯೇ, ಹಾಗಾಗಿ ನೀವು ನಿಮ್ಮದೇ ಗೆರೆ ಇಟ್ಟುಕೊಳ್ಳಿ, ಆದರೆ ಎಲ್ಲಾ ವರ್ಷಕ್ಕೂ ಅದೇ ಇರಲಿ.

ಇಲ್ಲಿ ಓದಿದವರೂ ಒಂದು ತಪ್ಪು ಮಾಡುತ್ತಾರೆ. ಒಂದು ದಿನ ಮಳೆ ಬರುವ ಸಂಭವ ಶೇ. 20 ಅಂತಿಟ್ಟುಕೊಳ್ಳಿ. ಐದು ದಿನವೂ ಒಣ ಇರಬೇಕಾದರೆ ಶೇ. 80ನ್ನು ಐದು ಸಲ ಗುಣಿಸಿ ಶೇ. 33 ಅನ್ನುತ್ತಾರೆ. ಮಳೆ ಹಾಗೆ ಬಿಡಿಬಿಡಿಯಾಗಿ ಬರುವುದಿಲ್ಲ. ಬಂದರೆ ಸಮುದ್ರದಲ್ಲಿ ವಾಯುಭಾರ ಕುಸಿದು ಮೂರು ನಾಲ್ಕು ದಿನ ಒಟ್ಟಿಗೆ ಹಿಡಿಯುತ್ತದೆ, ಇಲ್ಲದಿದ್ದರೆ ಒಟ್ಟಿಗೆ ಬಿಡುತ್ತದೆ. ಹಾಗಾಗಿ ಐದು ದಿನ ಬಿಸಿಲು ಸಿಗುವ ಸಂಭವ ಈ ಗುಣಾಕಾರ ಹೇಳುವುದಕ್ಕಿಂತ ಜಾಸ್ತಿಯೇ ಇರುತ್ತದೆ. ಗುಣಿಸುವುದೇ ಬೇಡ. ಪುಸ್ತಕ ತೆರೆದು ನೇರವಾಗಿ ಎಣಿಸಿ: ಇಷ್ಟು ವರ್ಷಗಳಲ್ಲಿ ಎಷ್ಟು ವರ್ಷ ಆ ವಾರದಲ್ಲಿ ಸತತ ಐದು ದಿನ ಒಣ ಇತ್ತು?

ಪಕ್ಕದ ಊರಿನ ಅಂಕಿ ತರಬೇಡಿ. ನಮ್ಮ ಜಿಲ್ಲೆಯಲ್ಲೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಶಿವಮೊಗ್ಗ ಪೇಟೆಯಲ್ಲಿ 1,000ದ ಆಸುಪಾಸು. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದ ಹಾಗೆ ಮಳೆ ಅಷ್ಟು ಬೇಗ ಇಳಿಯುತ್ತದೆ. ಮತ್ತೆ, ಹಳೇ ಅನುಪಾತ ಬೇಯಿಸುವ ವಾರವನ್ನು ತಿಂಗಳ ಮೊದಲೇ ಆರಿಸಲು ಮಾತ್ರ. ಆ ವಾರ ಹತ್ತಿರ ಬಂದಾಗ ಇಲಾಖೆಯ ಮುನ್ಸೂಚನೆಯನ್ನೇ ನೋಡಿ.

9. ಒಂದು ಅಂಕಿ ಹೇಳಬೇಡಿ, ಎರಡು ಹೇಳಿ

ನಮ್ಮ ಉದಾಹರಣೆಗೆ ವಾಪಸ್ ಬರೋಣ. 8.5 ಕ್ವಿಂಟಾಲ್ ಬಂದಿತ್ತು. ಈಗ ಕೆಟ್ಟ ವರ್ಷದ ಅನುಪಾತ ಹಾಕಿ: ಕೈಗೆ ಸಿಕ್ಕಿದ್ದು ಶೇ. 85, ಒಣಗಿದ್ದು ಶೇ. 12. ಸುಮಾರು 7.9 ಕ್ವಿಂಟಾಲ್. ಒಳ್ಳೇ ವರ್ಷದ್ದು ಹಾಕಿ: ಶೇ. 90 ಮತ್ತು ಶೇ. 13 (10 ಕ್ವಿಂಟಾಲ್ ಮಾತ್ರ ಬೇಯಿಸಿದ ವರ್ಷದ ಶೇ. 15 ಬಿಟ್ಟುಬಿಡಿ). ಸುಮಾರು 9 ಕ್ವಿಂಟಾಲ್. ಬರೆದುಕೊಳ್ಳಿ: "7.9ರಿಂದ 9, ನಡುವೆ 8.5."

ಸಾಲ, ಕೂಲಿ, ಮಕ್ಕಳ ಫೀಸು ಎಲ್ಲವನ್ನೂ ಇವುಗಳಲ್ಲಿ ಕಡಿಮೆ ಇರುವ ಅಂಕಿಗೆ ಹೊಂದಿಸಿ. ಚೇಣಿ ಮಾತಾಡುವಾಗ ನಡುವಿನ ಅಂಕಿ ಮನಸ್ಸಿನಲ್ಲಿರಲಿ, ಅದರಿಂದ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದರ ಖರ್ಚು ಕಳೆದು ನೋಡಿ.

ಧಾರಣೆಗೆ ಮಾತ್ರ ಈ ಲೆಕ್ಕ ಹಾಕಬೇಡಿ. "ಹತ್ತರಲ್ಲಿ ಏಳು ವರ್ಷ ಮಾರ್ಚಿಯಲ್ಲಿ ಏರಿದೆ" ಅಂತ ಅಡಿಕೆ ಹಿಡಿದಿಟ್ಟುಕೊಂಡು ಕಷ್ಟಪಟ್ಟವರನ್ನು ನೋಡಿದ್ದೇನೆ. ತೋಟಕ್ಕೆ ಮಣ್ಣು, ಮಳೆ, ಮರ ಎಂಬ ಆಧಾರ ಇದೆ, ಅವು ನಿಧಾನವಾಗಿ ಬದಲಾಗುತ್ತವೆ. ಧಾರಣೆ ಆಮದು ನಿಯಮದಿಂದ, ದೂರದ ಖರೀದಿದಾರರ ನಿರ್ಧಾರದಿಂದ ಒಂದೇ ವಾರದಲ್ಲಿ ತಿರುಗುತ್ತದೆ.

10. ಹಳೇ ಅನುಪಾತ ಯಾವಾಗ ಕೈಕೊಡುತ್ತದೆ

ತೋಟವೇ ಬದಲಾದಾಗ. ಎಲೆಚುಕ್ಕಿ ರೋಗ ಬಂದ ಮೇಲೆ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಐದು ವರ್ಷದ ಹಿಂದಿನ ಮರ ಮತ್ತು ಈಗಿನ ಮರ ಒಂದೇ ಅಲ್ಲ. ಸೋಗೆ (ಅಡಿಕೆ ಮರದ ಗರಿ) ಒಣಗಿದರೆ ಕೊನೆಯ ತೂಕವೂ ಇಳಿಯುತ್ತದೆ. ಅಂಥ ತೋಟಕ್ಕೆ ರೋಗ ಬಂದ ಮೇಲಿನ ವರ್ಷಗಳನ್ನು ಮಾತ್ರ ಎಣಿಸಿ, ಎರಡೇ ವರ್ಷ ಇದ್ದರೂ ಪರವಾಗಿಲ್ಲ. ಹೊಸದಾಗಿ ನೀರಾವರಿ ಮಾಡಿದ್ದರೆ, ಬಸಿಗಾಲುವೆ ತೆಗೆಸಿದ್ದರೆ, ಡ್ರೈಯರ್ ತಂದಿದ್ದರೆ ಪುಟದಲ್ಲಿ ಅಡ್ಡಗೆರೆ ಎಳೆದು ತಾರೀಖು ಹಾಕಿ.

ಲೆಕ್ಕ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ಹೋದ ವರ್ಷದ ಸಾಲನ್ನು ಒಂದು ಕಾಗದದಿಂದ ಮುಚ್ಚಿ. ಅದರ ಹಿಂದಿನ ವರ್ಷಗಳಿಂದ ಮಾತ್ರ ಅನುಪಾತ ತೆಗೆದು ಹೋದ ವರ್ಷವನ್ನು ಅಂದಾಜು ಮಾಡಿ. ಆಮೇಲೆ ಕಾಗದ ಸರಿಸಿ ನೋಡಿ. ಹಾಗೆಯೇ ಒಂದೊಂದು ವರ್ಷ ಹಿಂದೆ ಹೋಗಿ. ಎಷ್ಟು ಸಲ ನಿಜ ಅಂಕಿ ನಿಮ್ಮ ಎರಡು ಅಂಕಿಗಳ ನಡುವೆ ಬಿತ್ತು ಅಂತ ಎಣಿಸಿ. ಜಾಸ್ತಿ ಸಲ ಹೊರಗೆ ಬಿದ್ದರೆ ನಿಮ್ಮ ಅಂತರ ಕಿರಿದಾಯಿತು, ಅಗಲ ಮಾಡಿಕೊಳ್ಳಿ.

ಈ ವರ್ಷ ಎಲ್ಲಿಂದ ಶುರು ಮಾಡುವುದು ಅಂದರೆ, ಎರಡನೇ ಔಷಧಿ ಹೊಡೆಯಲು ಕೊನೆಗಾರರು ಬಂದ ದಿನವೇ ಶುರು ಮಾಡಿ. ಅವರು ಮರದ ತುದಿಯಲ್ಲಿರುತ್ತಾರೆ, ಕೊನೆ ಅವರ ಕೈಗೇ ಸಿಗುತ್ತದೆ. ಪ್ರತಿ 20ನೇ ಮರಕ್ಕೆ ಮೊದಲೇ ಒಂದು ಬಣ್ಣದ ದಾರ ಕಟ್ಟಿಡಿ. ದಾರ ಕಂಡ ಮರದಲ್ಲಿ ಎಷ್ಟು ಕೊನೆ ಇದೆ ಅಂತ ಮೇಲಿನಿಂದಲೇ ಕೂಗಿ ಹೇಳಿ ಅಂತ ಕೇಳಿಕೊಳ್ಳಿ. ನೀವು ಕೆಳಗೆ ಕೊಡೆ ಹಿಡಿದುಕೊಂಡು ಬರೆಯುತ್ತಾ ಹೋಗಿ, ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮಳೆಗೆ ಹರಡಿಹೋಗುತ್ತದೆ.